ಖಬರ್ದಾರ್ ಎಂದರೆ ಸಾಕೇ?
(ತೊರವಿಯ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಉರ್ದು, ಕನ್ನಡ ಎರಡನ್ನೂ ಕಲಿಸುವ ನನಗೆ ‘ಖಬರ್ದಾರ್’ ಎಂಬ ಪದದ ಮೇಲೆ ಬಹಳ ಪ್ರೀತಿ. ಕನ್ನಡದಲ್ಲಿ ಅದು ಗದರಿಕೆ. ಉರ್ದುವಿನಲ್ಲಿ ‘ಖಬರು ಉಳ್ಳವನು’, ಅಂದರೆ ವಿಷಯ ತಿಳಿದವನು ಎಂಬ ಅರ್ಥವೂ ಇದೆ. ಮೊಬೈಲಿನಲ್ಲಿ ಬರುವ ಎಚ್ಚರಿಕೆಗಳು ನಮ್ಮ ಮಕ್ಕಳಿಗೆ ಗದರಿಕೆಯೋ, ತಿಳಿವಳಿಕೆಯೋ ಎಂಬುದೇ ಇಂದಿನ ನನ್ನ ಮಾತು.

ಫೇಸ್‌ಬುಕ್ 2015ರಲ್ಲಿ, ಇನ್‌ಸ್ಟಾಗ್ರಾಂ 2017ರಲ್ಲಿ ಮನಸ್ಸು ಕಲಕುವ ದೃಶ್ಯಗಳ ಮೇಲೆ ಎಚ್ಚರಿಕೆಯ ಪರದೆ ಹಾಕಲು ಆರಂಭಿಸಿದವು. ಬೆರಳು ಒತ್ತಿದರೆ ಪರದೆ ಸರಿಯುತ್ತದೆ. ಏಳನೆಯ ತರಗತಿಯ ಹುಡುಗನೊಬ್ಬ ತಂದೆಯ ಮೊಬೈಲಿನಲ್ಲಿ ಹಾಗೆ ಒತ್ತಿದ. ಫೋನಿಗೆ ಗೊತ್ತಿದ್ದದ್ದು ತಂದೆಯ ವಯಸ್ಸು ಮಾತ್ರ. ಮೂರು ದಿನ ಅವನಿಗೆ ಊಟ ಸೇರಲಿಲ್ಲ. ಕೇಳಿದೆ. “ಮುಚ್ಚಿಟ್ಟಿದ್ರು, ಅದಕ್ಕ ನೋಡಬೇಕು ಅನಿಸ್ತ್ರಿ ಸರ್” ಎಂದ. ಮನೆಯಲ್ಲಿ ಏಕೆ ಹೇಳಲಿಲ್ಲ ಎಂದರೆ, “ಅಮ್ಮಿಗೆ ಹೇಳಿದ್ರ ಬೈತಾರ್ರಿ” ಎಂದ.

ಇದು ಅವನೊಬ್ಬನ ಅನುಭವವಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2023ರಲ್ಲಿ ಪ್ರಕಟಿಸಿದ ವರದಿಯೂ ಇದನ್ನೇ ಹೇಳುತ್ತದೆ. ಎಚ್ಚರಿಕೆ ಓದಿದವರಿಗೆ ನೋಡುವ ಮುನ್ನ ಆತಂಕ ಹೆಚ್ಚಿತು. ನೋಡಿದ ಮೇಲಿನ ಸಂಕಟ ಕಡಿಮೆಯಾಗಲಿಲ್ಲ. ನೋಡದೆ ಬಿಟ್ಟವರೂ ಹೆಚ್ಚಲಿಲ್ಲ.

ಹಾಗಾದರೆ ಎಚ್ಚರಿಕೆಯೇ ಬೇಡವೇ? ಬೇಕು. 2018ರಲ್ಲಿ ನಮ್ಮ ಮೊಬೈಲುಗಳಲ್ಲಿ ಮಗುವನ್ನು ಬೈಕಿನ ಮೇಲೆ ಹೊತ್ತೊಯ್ಯುವ ವಿಡಿಯೋ ಹರಿದಾಡಿದ್ದು ನೆನಪಿದೆಯೇ? ಅದು ಪಾಲಕರನ್ನು ಎಚ್ಚರಿಸಲು ಕರಾಚಿಯಲ್ಲಿ ತಯಾರಿಸಿದ ಚಿತ್ರ. ಕೊನೆಗೆ ಮಗುವನ್ನು ಮರಳಿಸಿ ಸಂದೇಶದ ಫಲಕ ತೋರಿಸುತ್ತಾರೆ. ಆ ಭಾಗವನ್ನೇ ಕತ್ತರಿಸಿ ಹಂಚಿದರು. ಅದೇ ವರ್ಷದ ಜುಲೈನಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು. ಅವರ ಜೊತೆಯವರು ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಸಂಶಯಕ್ಕೆ ಕಾರಣವಾಗಿತ್ತು.

ಆದ್ದರಿಂದ ಬರೀ ಮುಚ್ಚಿದರೆ ಸಾಲದು. ಇದು ಏನು, ಎಲ್ಲಿಯದು, ಯಾವಾಗಿನದು, ಏಕೆ ನೋಡಬಾರದು ಎಂಬ ಖಬರು ಮಕ್ಕಳಿಗೆ ಬೇಕು. ಅದನ್ನು ಫೋನು ಕೊಡುವುದಿಲ್ಲ, ನಾವು ಕೊಡಬೇಕು. ಇಂದು ರಾತ್ರಿ ಊಟಕ್ಕೆ ಕುಳಿತಾಗ “ಇವತ್ತ ಮೊಬೈಲಿನ್ಯಾಗ ಏನು ನೋಡಿದಿ?” ಎಂದು ಕೇಳಿರಿ. ಏನೇ ಹೇಳಿದರೂ ಬೈಯಬೇಡಿರಿ, ಫೋನು ಕಸಿಯಬೇಡಿರಿ, ಪೂರ್ತಿ ಕೇಳಿಸಿಕೊಳ್ಳಿರಿ. ಇಷ್ಟೇ ನನ್ನ ವಿನಂತಿ.