ಸ್ಥಾಯಿ ಸಮಿತಿ: ಪ್ರಶ್ನಿಸುವ ಅಧಿಕಾರ

(ನೊಣವಿನಕೆರೆಯಲ್ಲಿ ತೆಂಗು ಬೆಳೆಗಾರರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಅಡಿಕೆ ತೋಟಗಳ ನಡುವೆ ವಾಸಿಸುವ ನಾನು ಈ ಸೀಮೆಗೆ ಬಂದಾಗಲೆಲ್ಲ ನಿಮ್ಮ ಮನೆಗಳ ಅಟ್ಟವನ್ನು ನೋಡುತ್ತೇನೆ. ಉಂಡೆ ಕೊಬ್ಬರಿ ಅಲ್ಲಿ ತಿಂಗಳುಗಟ್ಟಲೆ ಒಣಗಿ ಸಿದ್ಧವಾಗುತ್ತದೆ. ಅದರ ಬೆಂಬಲ ಬೆಲೆ ಮಾತ್ರ ದೆಹಲಿಯಲ್ಲಿ ತೀರ್ಮಾನವಾಗುತ್ತದೆ. 2025ರ ಹಂಗಾಮಿಗೆ ಕ್ವಿಂಟಲಿಗೆ 12,100 ರೂಪಾಯಿ ಎಂದು ನಿಗದಿ ಮಾಡಿದ್ದು ಕೇಂದ್ರ ಸರ್ಕಾರ. ಇಂಥ ತೀರ್ಮಾನಗಳ ಬಗ್ಗೆ ಸರ್ಕಾರವನ್ನು ಕೂರಿಸಿ ಕೇಳುವವರು ಯಾರು? ಆ ಕೆಲಸಕ್ಕೆಂದೇ ಸಂಸತ್ತಿನಲ್ಲಿ ಸ್ಥಾಯಿ ಸಮಿತಿಗಳಿವೆ.

1989ರಲ್ಲಿ ಇಂಥ ಮೂರು ಸಮಿತಿಗಳು ಆರಂಭವಾದವು. ಅವುಗಳಲ್ಲಿ ಕೃಷಿಯದೂ ಒಂದು, ಪರಿಸರ ಮತ್ತು ಅರಣ್ಯದ್ದೂ ಒಂದು. 1993ರಲ್ಲಿ ಅವು 17 ಆದವು, 2004ರಲ್ಲಿ 24. ಪ್ರತಿ ಸಮಿತಿಯಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ಸಚಿವರಾದವರು ಸದಸ್ಯರಾಗುವಂತಿಲ್ಲ. ಇಲಾಖೆಯ ಅನುದಾನ ಬೇಡಿಕೆ, ವಾರ್ಷಿಕ ವರದಿ, ತಮಗೆ ಒಪ್ಪಿಸಿದ ಮಸೂದೆ ಇವುಗಳ ಪರಿಶೀಲನೆ ಅವರ ಕೆಲಸ. ತೆಂಗು ಅಭಿವೃದ್ಧಿ ಮಂಡಳಿಯ ಹಣವೂ ಕೃಷಿ ಸಮಿತಿಯ ಪರಿಶೀಲನೆಗೆ ಒಳಪಟ್ಟದ್ದೇ.

ಸಮಿತಿಯು ಅಧಿಕಾರಿಗಳನ್ನು ಕರೆಸಬಹುದು, ಕಡತ ತರಿಸಬಹುದು, ತಜ್ಞರ ಹಾಗೂ ಜನರ ಅಹವಾಲು ಕೇಳಬಹುದು. ಆದರೆ ಆಜ್ಞೆ ಮಾಡಲಾರದು. ಅದರ ಶಿಫಾರಸು ಸಲಹೆ ಮಾತ್ರ. ಹಾಗಿದ್ದರೂ ಆ ಸಲಹೆಯ ಮೇಲೆ ಏನು ಕ್ರಮ ಕೈಗೊಂಡಿತೆಂದು ಸರ್ಕಾರ ಮೂರು ತಿಂಗಳೊಳಗೆ ತಿಳಿಸಬೇಕು. ಒಪ್ಪದಿದ್ದರೆ ಕಾರಣ ಹೇಳಬೇಕು. ಹೀಗೆ ಬರಹದಲ್ಲಿ ಉಳಿದ ಉತ್ತರವೇ ನಮ್ಮಂಥವರ ಕೈಗೆ ಸಿಗುವ ಆಧಾರ.

ಕುಲಾಂತರಿ ಬೆಳೆಗಳ ವಿಷಯವನ್ನು ನೆನೆಯಿರಿ. ಬಾಸುದೇವ ಆಚಾರ್ಯ ಅವರ ಅಧ್ಯಕ್ಷತೆಯ ಕೃಷಿ ಸಮಿತಿ ವಿದರ್ಭದ ಹಳ್ಳಿಗಳಿಗೆ ಹೋಗಿ ಹತ್ತಿ ಬೆಳೆಗಾರರ ಮಾತು ಕೇಳಿತು. 2012ರ ಆಗಸ್ಟಿನಲ್ಲಿ, ಹೊಲಗಳಲ್ಲಿನ ಪ್ರಯೋಗಗಳನ್ನು ನಿಲ್ಲಿಸಿರೆಂದು ವರದಿ ಕೊಟ್ಟಿತು. ಆಳುವ ಪಕ್ಷದ ಸದಸ್ಯರೂ ಆ ಸಮಿತಿಯಲ್ಲಿದ್ದರು. ಸರ್ಕಾರ ಅದನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಆದರೆ ರೈತರ ಅನುಭವ ಸಂಸತ್ತಿನ ದಾಖಲೆಯಾಯಿತು. 2024ರ ಡಿಸೆಂಬರಿನಲ್ಲಿ ಇದೇ ಸಮಿತಿ, ಬೆಂಬಲ ಬೆಲೆಗೆ ಕಾನೂನಿನ ಖಾತರಿ ಬೇಕೆಂದು ಶಿಫಾರಸು ಮಾಡಿತು. ಅದು ಕೊಬ್ಬರಿಯ ಪ್ರಶ್ನೆಯೂ ಹೌದು.

ಇನ್ನೊಂದು ಮಾತನ್ನು ಮಲೆನಾಡಿಗನಾಗಿ ಹೇಳಬೇಕು. ಯಾವ ಮಸೂದೆ ಸ್ಥಾಯಿ ಸಮಿತಿಗೆ ಹೋಗಬೇಕೆಂಬುದಕ್ಕೆ ಕಡ್ಡಾಯವಿಲ್ಲ. 2023ರ ಅರಣ್ಯ ಸಂರಕ್ಷಣಾ ತಿದ್ದುಪಡಿ ಮಸೂದೆಯನ್ನು ಪರಿಸರ ಸ್ಥಾಯಿ ಸಮಿತಿಗೆ ಒಪ್ಪಿಸದೆ ಪ್ರತ್ಯೇಕ ಜಂಟಿ ಸಮಿತಿಗೆ ಒಪ್ಪಿಸಲಾಯಿತು. ಆ ಸಮಿತಿ ಒಂದು ಮಾರ್ಪಾಟನ್ನೂ ಸೂಚಿಸಲಿಲ್ಲ. ಅಟ್ಟದಲ್ಲಿ ಒಣಗದ ಕಾಯಿಯನ್ನು ಒಡೆದರೆ ಕೊಬ್ಬರಿ ಸಿಗದೆಂದು ನಿಮಗೆ ಯಾರೂ ಕಲಿಸಬೇಕಿಲ್ಲ. ಕಾಡಿನ ಕಾನೂನಿಗೂ ಅಷ್ಟು ವ್ಯವಧಾನ ಬೇಕಿತ್ತು.

ಸಮಿತಿಗಳು ಸಾರ್ವಜನಿಕರಿಂದ ಅಭಿಪ್ರಾಯ ಆಹ್ವಾನಿಸುವುದುಂಟು. ಅದಕ್ಕೆ ಬರೆಯುವವರಲ್ಲಿ ಹಳ್ಳಿಯವರೂ ಇರಬೇಕು. ವಿದ್ಯಾರ್ಥಿಗಳೇ, ನಿಮ್ಮ ಸಂಸದರು ಯಾವ ಸಮಿತಿಯಲ್ಲಿದ್ದಾರೆಂದು ಮೊದಲು ತಿಳಿಯಿರಿ. ಬಳಿಕ ನಿಮ್ಮ ಮನೆಯ ಲೆಕ್ಕ ಬರೆಯಿರಿ: ಎಷ್ಟು ಕಾಯಿ ಅಟ್ಟಕ್ಕೇರಿತು, ಎಷ್ಟು ಕೆಟ್ಟಿತು, ಖರೀದಿ ಕೇಂದ್ರದ ಮುಂದೆ ಎಷ್ಟು ದಿನ ಕಾದಿರಿ, ಕೈಗೆ ಬಂದದ್ದೆಷ್ಟು. ಸಮಿತಿಗೆ ಕೇಳುವ ಅಧಿಕಾರವಿದೆ. ಏನು ಕೇಳಬೇಕೆಂದು ತಿಳಿಸುವ ಹೊಣೆ ನಮ್ಮದು.