ಗದ್ದೆಯ ನಡುವೆ ಉಸಿರು ಕಟ್ಟಿದ ಎಂಜಿನ್

ಮಾನ್ವಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ, ದೇವದುರ್ಗದಲ್ಲಿ ನಾರಾಯಣಪುರ ಬಲದಂಡೆ ಕಾಲುವೆಯ ನೀರಿಗೆ ಬೆಳೆದ ಭತ್ತ ಕೊಯ್ಲಿಗೆ ಬಂದರೆ ಕಟಾವು ಯಂತ್ರಗಳಿಗೆ ಬಿಡುವೇ ಇರುವುದಿಲ್ಲ. ಅಂಥ ಹೊತ್ತಿನಲ್ಲೇ ಯಂತ್ರ ಕಪ್ಪು ಹೊಗೆ ಉಗುಳುತ್ತದೆ, ದಟ್ಟ ಪೈರಿಗೆ ನುಗ್ಗಿದೊಡನೆ ದಣಿದು ನಿಲ್ಲುತ್ತದೆ. ಟರ್ಬೊ ಹೋಯಿತು ಅನ್ನುತ್ತಾರೆ. ಹೊಸ ಟರ್ಬೊ ಕೊಳ್ಳುವ ಮೊದಲು ಗಾಳಿಯ ದಾರಿ ನೋಡಿ.

ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದ ಟರ್ಬೊದ ವಿಚಾರ ಇದು: ವ್ಯರ್ಥವಾಗಿ ಹೋಗುವ ಹೊಗೆಯ ರಭಸದಿಂದ ಒಂದು ಚಕ್ರ ತಿರುಗುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಕಡಿಮೆಯಾದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಕಪ್ಪು ಹೊಗೆ ಅದರದೇ ಗುರುತು. ಗಾಳಿಗೆ ಅಡ್ಡ ಬರುವುದು ಭತ್ತದ ಸುಂಕು.

ಆ ಸುಂಕು ಮೊದಲು ಕಟ್ಟಿಕೊಳ್ಳುವುದು ಏರ್ ಫಿಲ್ಟರಿನಲ್ಲಿ. ಫಿಲ್ಟರನ್ನು ಟೈರಿಗೆ ಬಡಿಯಬೇಡಿ, ಕಾಗದ ಹರಿದರೆ ಧೂಳು ನೇರ ಟರ್ಬೊಗೆ ನುಗ್ಗುತ್ತದೆ. ಫಿಲ್ಟರ್ ಸರಿಯಿದ್ದರೆ ಟರ್ಬೊದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪು, ಅದರ ಕ್ಲಾಂಪು, ಗಾಳಿ ತಣಿಸುವ ಇಂಟರ್‌ಕೂಲರ್ ಇದ್ದರೆ ಅದರ ಕೀಲು ನೋಡಿ. ಬೆಲ್ಟುಗಳಿಂದ ಕೈ ದೂರವಿಟ್ಟು ಸೋಪಿನ ನೀರು ಹಚ್ಚಿ, ಯಾರನ್ನಾದರೂ ರೇಸ್ ಮಾಡಲು ಹೇಳಿ. ಸೋರುವ ಕಡೆ ಗುಳ್ಳೆ ಏಳುತ್ತದೆ. ಬುಸ್ಸೆಂಬ ಸದ್ದಂತೂ ಕಿವಿಗೇ ಕೇಳುತ್ತದೆ. ಟರ್ಬೊಗಿಂತ ಮುಂಚಿನ ಹೊಗೆಯ ಮೆನಿಫೋಲ್ಡ್ ಬಿರುಕು ಬಿಟ್ಟಿದ್ದರೂ ರಭಸ ಕುಂದುತ್ತದೆ. ಅಲ್ಲಿ ಮಸಿಯ ಗೆರೆ ಮೂಡಿರುತ್ತದೆ.

ಇವೆಲ್ಲ ಸರಿಯಿದ್ದರೆ ಮಾತ್ರ ಟರ್ಬೊ ಕಡೆ ತಿರುಗಿ. ಎಂಜಿನ್ ನಿಂತು ಪೂರ್ತಿ ಆರಿದ ಮೇಲೆ ಪೈಪು ಬಿಚ್ಚಿ ಚಕ್ರವನ್ನು ಬೆರಳಿನಿಂದ ತಿರುಗಿಸಿ. ರೆಕ್ಕೆ ಗೋಡೆಗೆ ತಾಗಿದರೆ ಬೇರಿಂಗ್ ಸವೆದಿದೆ, ಇನ್ನು ಅದು ಮಿಸ್ತ್ರಿಯ ಕೆಲಸ.

ಆ ಅಚ್ಚು ನಿಮಿಷಕ್ಕೆ ಲಕ್ಷ ಸುತ್ತು ಸಹ ತಿರುಗಬಲ್ಲದು, ಎಣ್ಣೆಯ ಪದರದ ಮೇಲೆ ತೇಲುತ್ತ. ದುಡಿಮೆ ಮುಗಿದ ಕೂಡಲೇ ಕೀಲಿ ತಿರುಗಿಸಿದರೆ ಎಣ್ಣೆ ನಿಲ್ಲುತ್ತದೆ, ಕಾದ ಅಚ್ಚು ಮಾತ್ರ ನಿಲ್ಲದು. ಸಂಜೆ ಗದ್ದೆಯಿಂದ ಬಂದಾಗ ಎರಡು ಮೂರು ನಿಮಿಷ ಎಂಜಿನ್ನನ್ನು ಮೆಲ್ಲಗೆ ಓಡಲು ಬಿಡಿ, ಆಮೇಲೆ ಆರಿಸಿ.