ನೀರಿಗೆ ಬಿಟ್ಟ ಮೀನಿಗೆ ವಸೂಲಾತಿ ಇಲ್ಲ

(ರಜತ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಸಂತೋಷದ ಹೊತ್ತಿನಲ್ಲಿ ಮೀನಿನ ಮಾತು ಯಾಕೆ ಅಂತ ನಿಮಗೆ ಅನಿಸಬಹುದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ನಾವೆಲ್ಲ ಕೆರೆ, ಮದಕ, ತೋಡುಗಳನ್ನು ನಂಬಿದ ಕೃಷಿಕರು. ಆ ನೀರಿಗೆ ಜಿಲೇಬಿ ಮೀನು ಸೇರಿದರೆ ಅದನ್ನು ಹತೋಟಿಗೆ ತರುವುದು ಹೇಗೆ ಎಂಬುದೇ ಇಂದಿನ ವಿಷಯ.

ಜಿಲೇಬಿ ಅಂದರೆ ತಿಲಾಪಿಯಾ. ಆಫ್ರಿಕದ ಈ ಮೀನನ್ನು 1952ರಲ್ಲಿ ನಮ್ಮ ದೇಶಕ್ಕೆ ತಂದರು. ಸಾಕಲು ಸುಲಭ, ತಿನ್ನಲೂ ಆಗುತ್ತದೆ. ಆದರೆ ತಾಯಿ ಮೀನು ಮೊಟ್ಟೆಯನ್ನು ಬಾಯಲ್ಲೇ ಇಟ್ಟು ಕಾಯುವುದರಿಂದ ಮರಿಗಳು ಹೆಚ್ಚು ಉಳಿಯುತ್ತವೆ. ಎರಡು ಮೂರು ತಿಂಗಳಿಗೇ ಪ್ರಾಯಕ್ಕೆ ಬಂದು ವರ್ಷಕ್ಕೆ ಹಲವು ಸಲ ಮರಿ ಮಾಡುತ್ತದೆ. ಕೊನೆಗೆ ಕೆರೆ ತುಂಬ ಬೆರಳುದ್ದದ ಮೀನು! ಅವೂ ಬೆಳೆಯುವುದಿಲ್ಲ, ಊರ ಮೀನಿಗೂ ಜಾಗ ಇಲ್ಲ.

ಹಾಗಾದರೆ ವಿಷ ಹಾಕಿದರೆ ಆಗದೇ ಎಂದು ಕೆಲವರು ಕೇಳುತ್ತಾರೆ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ 1996ರಲ್ಲಿ ಯಾರೋ ಹೊಳೆಗೆ ವಿಷ ಹಾಕಿ ಸಾವಿರಾರು ದೇವರ ಮೀನು ಸತ್ತದ್ದನ್ನು ನಾವು ಮರೆಯುವಂತಿಲ್ಲ. ವಿಷಕ್ಕೆ ಊರಿನದ್ದು, ಹೊರಗಿನದ್ದು ಅಂತ ಭೇದ ಉಂಟೇ?

ಇನ್ನೊಂದು ದಾರಿ ಜೈವಿಕ ನಿಯಂತ್ರಣ, ಅಂದರೆ ಒಂದು ಜೀವಿಯನ್ನು ಇನ್ನೊಂದು ಜೀವಿಯಿಂದಲೇ ತಗ್ಗಿಸುವುದು. ಇದು ಚೆನ್ನಾಗಿ ಫಲಿಸಿದ್ದೂ ಉಂಟು. ಕೇರಳದ ನೀರಿನಲ್ಲಿ ಹಬ್ಬಿದ ಸಾಲ್ವೀನಿಯಾ ಕಳೆಯನ್ನು ಪುಟ್ಟದೊಂದು ದುಂಬಿ ತಿಂದು ತಗ್ಗಿಸಿತು. ಆ ದುಂಬಿ ಸಾಲ್ವೀನಿಯಾ ಬಿಟ್ಟು ಬೇರೆ ಬೆಳೆಯ ಸುದ್ದಿಗೆ ಹೋಗುವುದಿಲ್ಲ. ಗುಟ್ಟು ಇರುವುದು ಅಲ್ಲೇ.

ಮೀನು ಹಾಗಲ್ಲ. ಸೊಳ್ಳೆ ಮರಿ ತಿನ್ನಲಿ ಅಂತ 1928ರಲ್ಲಿ ಗ್ಯಾಂಬೂಸಿಯಾ ಮೀನನ್ನು ಇಟಲಿಯಿಂದ ಭಾರತಕ್ಕೆ ತಂದರು. ಅದು ಸೊಳ್ಳೆ ಮರಿಯನ್ನೂ ತಿಂದಿತು, ಬೇರೆ ಮೀನುಗಳ ಮೊಟ್ಟೆ ಮರಿಗಳನ್ನೂ, ಕಪ್ಪೆಯ ಮರಿಗಳನ್ನೂ ತಿಂದಿತು. ಸಹಾಯಕ್ಕೆ ಬಂದವನೇ ಉಪದ್ರವಾದ. ಆಸ್ಟ್ರೇಲಿಯದವರು ಹೊರಗಿನಿಂದ ಬಂದ ಸಾಮಾನ್ಯ ಗೆಂಡೆ ಮೀನನ್ನು ವೈರಸ್ ಬಿಟ್ಟು ತಗ್ಗಿಸುವ ಯೋಜನೆಯನ್ನು 2016ರಲ್ಲಿ ಘೋಷಿಸಿದರೂ ಅವಸರ ಮಾಡಲಿಲ್ಲ. ಸತ್ತ ಮೀನು ಕೊಳೆತರೆ ನೀರು ಏನಾದೀತು ಎಂದು ವರ್ಷಗಟ್ಟಲೆ ಲೆಕ್ಕ ಹಾಕಿದರು.

ಹಾಗಾದರೆ ನಾವು ಮಾಡಬೇಕಾದದ್ದು ಎಂತ? ಹೊರಗಿನ ಬೇಟೆಗಾರ ಮೀನು ಬೇಡವೇ ಬೇಡ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ಸರಕಾರದ ನಿಷೇಧವೇ ಉಂಟು. ನಮ್ಮ ಊರಿನದ್ದೇ ಆದ, ಹಾವಿನಂಥ ತಲೆಯ ಕುಚ್ಚು ಮೀನು ಜಿಲೇಬಿಯ ಮರಿಗಳನ್ನು ಹಿಡಿದು ತಿನ್ನುತ್ತದೆ. ದೊಡ್ಡ ಜಿಲೇಬಿ ಅದರ ಬಾಯಿಗೆ ಹಿಡಿಯುವುದಿಲ್ಲ. ಅದಕ್ಕೆ ನಮ್ಮ ಬಲೆಯೇ ಆಗಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ಊರವರೆಲ್ಲ ಸೇರಿ ಜಿಲೇಬಿ ಹಿಡಿಯೋಣ, ಪದಾರ್ಥ ಮಾಡಿ ಉಣ್ಣೋಣ. ಬಲೆಗೆ ಬಿದ್ದ ಕುಚ್ಚು, ಮುಗುಡುಗಳನ್ನು ತಿರುಗಿ ನೀರಿಗೇ ಬಿಡೋಣ. ಮಳೆಗಾಲಕ್ಕೆ ಮೊದಲು ಕೆರೆಯ ಕೋಡಿಗೆ ಬಲೆ ಕಟ್ಟೋಣ. ಆಟಿಯ ಮಳೆಗೆ ಕೆರೆ ಉಕ್ಕಿದರೆ ಮರಿಗಳು ತೋಡಿಗೆ ಇಳಿದು ನೇತ್ರಾವತಿಯನ್ನೋ ಫಲ್ಗುಣಿಯನ್ನೋ ಸೇರುತ್ತವೆ. ಆಮೇಲೆ ಯಾರ ಕೈಯಲ್ಲೂ ಆಗದು. ಸೊಳ್ಳೆಗೂ ಅಷ್ಟೇ, ತಲೆಯ ಮೇಲೆ ಬೆಳ್ಳಿ ಚುಕ್ಕೆಯಿರುವ ನಮ್ಮದೇ ಪುಟ್ಟ ಮೀನು ಸಾಕು. ಸಂಶಯ ಬಂದರೆ 1969ರಿಂದ ನಡೆಯುತ್ತಿರುವ ಮೀನುಗಾರಿಕಾ ಕಾಲೇಜು ಮಂಗಳೂರಿನಲ್ಲೇ ಉಂಟು. ಕೇಳುವುದಕ್ಕೆ ಸಂಕೋಚ ಬೇಡ.

ಸದಸ್ಯ ಬಂಧುಗಳೇ, ಸಾಲ ಕೊಡುವಾಗ ಜಾಮೀನು ಯಾರು, ವಸೂಲಾತಿ ಹೇಗೆ ಅಂತ ನಾವು ಕೇಳುತ್ತೇವೆ. ಸಂಘ ಇಪ್ಪತ್ತೈದು ವರ್ಷ ನಿಂತದ್ದು ಆ ಎಚ್ಚರದಿಂದ. ನೀರಿಗೆ ಮೀನು ಬಿಡುವಾಗಲೂ ಅದನ್ನೇ ಕೇಳೋಣ. ಒಮ್ಮೆ ಬಿಟ್ಟ ಮೀನಿಗೆ ವಾಯಿದೆಯೂ ಇಲ್ಲ, ವಸೂಲಾತಿಯೂ ಇಲ್ಲ. ಬಡ್ಡಿ ಮಾತ್ರ ಮಕ್ಕಳು ಕಟ್ಟಬೇಕಾಗುತ್ತದೆ.